ನೀರು ಎಣಿಸುತ್ತಿದ್ದ ಮೇಷ್ಟ್ರು

ಮಾಗಡಿಯ ಕಾಲೇಜೊಂದಕ್ಕೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಹೋಗಿದ್ದೆ. ಒಂದು ಹುಡುಗಿ ತಾನು ತಯಾರಿಸಿದ ನಿಕ್ಕಲ್ ಸಲ್ಫೇಟನ್ನು ಒಣಗಿಸಿ, ಗಾಜಿನ ತಟ್ಟೆಯಲ್ಲಿ ತಂದು ನನ್ನ ಮುಂದಿಟ್ಟಳು. ಹಸಿರು ಹರಳು, ಚೆನ್ನಾಗಿಯೇ ಬಂದಿತ್ತು. "ಇದರಲ್ಲಿ ಎಷ್ಟು ನೀರಿದೆಯಮ್ಮ?" ಎಂದೆ. "ಏಳು ಸಾರ್" ಅಂದಳು. "ಕಾಯಿಸಿ ತೂಗಿ ನೋಡಿದೆಯಾ?" ಎಂದೆ. "ಬುಕ್ಕಲ್ಲಿ ಹಂಗೇ ಐತೆ ಸಾರ್" ಅಂದಳು. ಪೂರ್ತಿ ಅಂಕ ಹಾಕಿದೆ. ಅಷ್ಟರಲ್ಲಿ ಜೇಬಿನ ಫೋನು ನಡುಗಿತು. ನಮ್ಮ ಕಾಲೇಜಿನ ಹಳೆಯ ಅಟೆಂಡರು. "ಸಾ, ನೀರು ಮೇಷ್ಟ್ರು ಹೋಗ್ಬುಟ್ರಂತೆ. ಬಿಡದೀಲಿ ಬಸ್ಸಿಗೆ ಕಾಯ್ತಾ ಕುಂತೋರು ಮೇಲೇಳ್ಲೇ ಇಲ್ವಂತೆ. ಹಾರ್ಟು ಅಂತಾವ್ರೆ" ಅಂದ.

ಉಳಿದ ಹನ್ನೊಂದು ಮಕ್ಕಳ ಪರೀಕ್ಷೆಯನ್ನು ನಾನೇ ಮುಗಿಸಿದೆ. ಏನು ಕೇಳಿದೆನೋ, ಅವರೇನು ಹೇಳಿದರೋ ಒಂದೂ ನೆನಪಿಲ್ಲ. ಎಲ್ಲರಿಗೂ ಒಳ್ಳೆಯ ಅಂಕವೇ ಬಿದ್ದಿರಬೇಕು, ನನ್ನ ಪೆನ್ನು ಮೊದಲಿನಿಂದಲೂ ಧಾರಾಳ. ನೀರು ಮೇಷ್ಟ್ರದು ಹಾಗಿರಲಿಲ್ಲ. ಆ ಹುಡುಗಿ ಅವನ ಕೈಗೆ ಸಿಕ್ಕಿದ್ದರೆ ಸಂಜೆಯ ಕೊನೆ ಬಸ್ಸು ಹೋದರೂ ಸರಿ, ಬರ್ನರ್ ಹಚ್ಚಿಸಿ, ಕಾಯಿಸಿ, ತೂಗಿಸಿಯೇ ಬಿಡುತ್ತಿದ್ದ.

ನಾವಿಬ್ಬರೂ ಒಂದೇ ವರ್ಷ ರಾಮನಗರದ ಒಂದೇ ಕಾಲೇಜಿಗೆ ಗೆಸ್ಟ್ ಲೆಕ್ಚರರ್ ಆಗಿ ಸೇರಿದವರು. ಒಂದೇ ಲ್ಯಾಬು, ಒಂದೇ ತಕ್ಕಡಿ, ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಎರಡು ಡಬ್ಬಿ. ಆದ್ದರಿಂದ ಅವನನ್ನು ಏಕವಚನದಲ್ಲೇ ಬರೆಯುತ್ತೇನೆ. ಬಹುವಚನ ಹಾಕಿದರೆ ಎಲ್ಲಿದ್ದರೂ "ಯಾಕ್ಲಾ, ನಾನೇನು ನಿನ್ನ ಮಾವನಾ?" ಅಂತ ಕೇಳಿಯಾನು. ಉದ್ದದ ಆಳು, ಸ್ವಲ್ಪ ಬಗ್ಗಿದ ಬೆನ್ನು. ಅಂಗಿಯ ಜೇಬಿನಲ್ಲಿ ಪೆನ್ನು ಇರದಿದ್ದರೂ ನಾಲ್ಕು ಮಡಿಕೆಯ ಫಿಲ್ಟರ್ ಪೇಪರ್ ಇರುತ್ತಿತ್ತು. ಅದರಲ್ಲೇ ಕನ್ನಡಕ ಒರೆಸುವುದು, ಅದರ ಮೇಲೇ ಲೆಕ್ಕ ಬರೆಯುವುದು, ಕಡ್ಲೆಕಾಯಿ ತಿಂದರೆ ಸಿಪ್ಪೆ ಹಾಕುವುದೂ ಅದರಲ್ಲೇ. ನಿಕ್ಕಲ್ ಅವನ ಮೈಗೆ ಆಗಿಬರುತ್ತಿರಲಿಲ್ಲ. ಬೆರಳ ಸಂದಿಗಳಲ್ಲಿ ಸದಾ ತುರಿಕೆ, ಕೆಂಪು ಗುಳ್ಳೆ. ಸ್ಟೀಲ್ ಪಟ್ಟಿಯ ವಾಚು ಕಟ್ಟಿದರೆ ಕೈ ಊದುತ್ತಿತ್ತು, ಹಾಗಾಗಿ ವಾಚಿಗೆ ಬಟ್ಟೆಯ ಲಾಡಿ ಪೋಣಿಸಿ ಕಟ್ಟಿಕೊಳ್ಳುತ್ತಿದ್ದ. "ಬೇರೆ ಲೋಹ ಹಿಡಿಯೋ, ತಾಮ್ರ ಹಿಡಿ, ಸತು ಹಿಡಿ" ಎಂದು ನಾನು ಎಷ್ಟೋ ಸಲ ಹೇಳಿದೆ. "ಕಡಿತದೆ ಅಂತ ಯಾರಾದ್ರೂ ಬಿಡ್ತಾರೇನ್ಲಾ?" ಎಂದು ಕೈ ಕೆರೆದುಕೊಂಡೇ ನಗುತ್ತಿದ್ದ.

ಅವನು ಪ್ರಾಕ್ಟಿಕಲ್ ಮಾಡಿಸುವುದನ್ನು ನೋಡಲು ನಾನೇ ಕೆಲವು ಸಲ ನನ್ನ ಕ್ಲಾಸು ಬೇಗ ಬಿಟ್ಟು ಬಂದು ನಿಲ್ಲುತ್ತಿದ್ದೆ. ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲಕ್ಕೆ ನಿಕ್ಕಲ್ ಕಾರ್ಬೋನೇಟನ್ನು ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಹಾಕಿದಾಗಲೆಲ್ಲ ಬುಸ್ಸೆಂದು ನೊರೆ ಏಳುತ್ತದೆ. ಹುಡುಗರು ಎಷ್ಟು ಗ್ರಾಂ ಎಂದು ಕೇಳಿದರೆ ಅವನು ಹೇಳುತ್ತಿರಲಿಲ್ಲ. "ಹೊಟ್ಟೆ ತುಂಬಿದ್ರೆ ಅದೇ ಸಾಕು ಅಂತದೆ. ಬುಸುಗುಟ್ಟೋದು ನಿಲ್ಲೋವರ್ಗೂ ಬಡಿಸ್ರೋ" ಎನ್ನುವನು. ಸೋಸಿ, ಕಾಯಿಸಿ, ಗಾಜಿನ ಕಡ್ಡಿಯ ತುದಿಗೆ ಕೆನೆ ಕಟ್ಟಿದ ಕೂಡಲೇ ಇಳಿಸಿ ಮುಚ್ಚಿಡಬೇಕು. ಆಮೇಲೆ ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಅವಸರದ ಹುಡುಗರು ಹರಳು ಬೇಗ ಬರಲಿ ಎಂದು ಕಡ್ಡಿಯಿಂದ ಬೀಕರಿನ ಗೋಡೆ ಗೀರುತ್ತಿದ್ದರು. ಅಂಥವರ ಕೈಯಿಂದ ಕಡ್ಡಿ ಕಿತ್ತುಕೊಂಡು, "ಮಲಗಿರೋ ಮಗೂನ ಯಾಕ್ಲಾ ತಿವೀತೀಯ?" ಎನ್ನುತ್ತಿದ್ದ.

ಹರಳು ಬಂದರೆ ಪಾಠ ಮುಗಿಯಿತು ಎಂದು ನಾವೆಲ್ಲ ತಿಳಿದಿದ್ದೆವು. ಅವನ ಪಾಠ ಆಗ ಶುರುವಾಗುತ್ತಿತ್ತು. ಮಾಡಿದ್ದು ಯಾರಾದರೂ ಮಾಡಿಯಾರು, ಅದು ಏನು ಎಂದು ಹೇಳಬೇಕಲ್ಲ? ಬೇರಿಯಂ ಕ್ಲೋರೈಡ್ ಬಿಟ್ಟು ಬಿಳಿ ಗಸಿ ನೋಡಿ ಸಲ್ಫೇಟ್ ಇದೆ ಎಂದು ಬರೆಸುವನು. ಅಮೋನಿಯಾ ಹಾಕಿ, ಡಿಎಂಜಿ ಎಂದು ನಾವು ಕರೆಯುವ ದ್ರಾವಣದ ನಾಲ್ಕು ಹನಿ ಬಿಟ್ಟು, ಕುಂಕುಮದ ಕೆಂಪು ಎದ್ದರೆ ನಿಕ್ಕಲ್ ಇದೆ ಎಂದು ಬರೆಸುವನು. ಕೊನೆಗೆ ಹರಳನ್ನು ಮೂಸೆಯಲ್ಲಿಟ್ಟು, ತೂಗಿ, ಹಸಿರು ಹೋಗಿ ಹಳದಿಯಾಗುವವರೆಗೆ ಹದವಾಗಿ ಕಾಯಿಸಿ, ಮತ್ತೆ ತೂಗುವುದು. ಕಡಿಮೆಯಾದ ತೂಕವೆಲ್ಲ ಹರಳಿನೊಳಗೆ ಸೇರಿಕೊಂಡಿದ್ದ ನೀರು, ಒಂದು ನಿಕ್ಕಲ್ಲಿಗೆ ಎಷ್ಟು ಅಣು ನೀರು ಎಂದು ಅದರಿಂದ ಲೆಕ್ಕ ಹಾಕುವುದು. ಆ ನೀರಿನ ಲೆಕ್ಕದ ಮೇಲೆ ಅವನಿಗೆ ಪ್ರಾಣ. ಹುಡುಗರು ನೀರು ಮೇಷ್ಟ್ರು ಎಂದು ಹೆಸರಿಟ್ಟದ್ದು ಅದಕ್ಕೇ. ಊರಲ್ಲಿ ಕೆಲವರು ಇವನನ್ನು ನಲ್ಲಿ ನೀರಿನ ಆಫೀಸಿನವನು ಎಂದು ತಿಳಿದು, ಮೂರು ದಿನದಿಂದ ನೀರು ಬಂದಿಲ್ಲ ಎಂದು ದಾರಿಯಲ್ಲಿ ನಿಲ್ಲಿಸಿ ಜಗಳವಾಡಿದ್ದೂ ಉಂಟು. ಅವನು ಪೂರ್ತಿ ಕೇಳಿಸಿಕೊಂಡು, "ಹೇಳ್ತೀನಿ ಬುಡಿ" ಎಂದು ಬಂದುಬಿಟ್ಟಿದ್ದ.

"ತಕ್ಕಡಿ ಏನ್ ಹೇಳ್ತದೋ ಅದ್ನ ಬರಿ. ನೀನ್ ಹೇಳಿದ್ದ ತಕ್ಕಡಿ ಕೇಳಲ್ಲ" ಎಂಬುದು ಅವನು ಎಲ್ಲ ಬ್ಯಾಚಿಗೂ ಹೇಳುತ್ತಿದ್ದ ಮಾತು. ನಾನೂ ಎಷ್ಟೋ ಕಡೆ ಭಾಷಣದಲ್ಲಿ ಇದನ್ನು ನನ್ನ ಮಾತೇ ಎಂಬಂತೆ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ.

ಕಾಯಂ ಕೆಲಸ ಬೇಕಾದರೆ ಡಾಕ್ಟರೇಟ್ ಬೇಕು ಎಂದಾಗ ಇಬ್ಬರೂ ಒಬ್ಬರೇ ಗೈಡ್ ಬಳಿ ಸೇರಿಕೊಂಡೆವು. ಇಬ್ಬರ ವಿಷಯವೂ ನಿಕ್ಕಲ್ ಸಲ್ಫೇಟಿನ ದೊಡ್ಡ ಹರಳು ಬೆಳೆಸಿ ಅದರ ಗುಣ ಅಳೆಯುವುದು. ನಾನು ನನ್ನದರಲ್ಲಿ ಬೇರೆ ಲೋಹದ ಚೂರು ಬೆರೆಸುತ್ತಿದ್ದೆ, ಅವನದು ಬೆರಕೆಯಿಲ್ಲದ್ದು. ಲ್ಯಾಬಿನ ಕಿಟಕಿ ಪಕ್ಕದ ಒಂದೇ ಹಲಗೆಯ ಮೇಲೆ ಇಬ್ಬರ ಬೀಕರುಗಳೂ ತಿಂಗಳುಗಟ್ಟಲೆ ಕೂತಿರುತ್ತಿದ್ದವು. ಈ ಹರಳಿನ ಸ್ವಭಾವ ಹೇಳಬೇಕು. ಮೂವತ್ತೊಂದು ಮೂವತ್ತೆರಡು ಡಿಗ್ರಿಗಿಂತ ತಂಪಿದ್ದರೆ ಅದು ಏಳು ನೀರು ಹಿಡಿದುಕೊಂಡು ಹುಟ್ಟುತ್ತದೆ, ಅದಕ್ಕಿಂತ ಬಿಸಿಯಿದ್ದರೆ ಆರೇ ಹಿಡಿಯುತ್ತದೆ. ನಮ್ಮ ಲ್ಯಾಬಿಗೋ ಸಿಮೆಂಟ್ ಶೀಟಿನ ಮಾಡು, ಎದುರಿಗೆ ರಾಮನಗರದ ಬಂಡೆಗುಡ್ಡ. ಬೆಳಗ್ಗೆ ತಣ್ಣಗಿದ್ದದ್ದು ಮಧ್ಯಾಹ್ನ ಎರಡಕ್ಕೆ ಬಾಣಲೆ. ಒಂದೇ ಹರಳು ಬೆಳಗ್ಗೆ ಏಳರ ಲೆಕ್ಕದಲ್ಲಿ ಬೆಳೆದು ಮಧ್ಯಾಹ್ನ ಆರರ ಲೆಕ್ಕಕ್ಕೆ ಇಳಿಯುತ್ತಿತ್ತು. ತೂಗಿದರೆ ಆರೂವರೆ, ಆರೂಮುಕ್ಕಾಲು, ಆರೂಕಾಲು. ಸ್ಟಾಫ್ ರೂಮಿನಲ್ಲಿ "ಇವತ್ತು ಎಷ್ಟು ನೀರಪ್ಪ?" ಎಂದು ತಮಾಷೆ ಮಾಡುವರು. "ಆರು ಪಾಯಿಂಟ್ ನಾಲ್ಕು" ಎಂದು ಇವನು ಗಂಭೀರವಾಗಿ ಉತ್ತರ ಕೊಡುವನು.

ಗೈಡ್ ಬೇಸತ್ತು ಒಂದು ದಿನ ಇಬ್ಬರನ್ನೂ ಕೂರಿಸಿ, "ಒಂದೋ ಆರು ಬರೀರಿ, ಇಲ್ಲ ಏಳು ಬರೀರಿ. ಆರೂವರೆ ನೀರು ಅಂದರೆ ಯಾರ್ರೀ ಪಾಸು ಮಾಡ್ತಾರೆ?" ಎಂದರು. ನಾನು ಆರು ಎಂದು ಬರೆದೆ. ಎಲ್ಲ ಕೋಷ್ಟಕದಲ್ಲೂ ಆರು, ಆರರ ಆಚೀಚೆ ಕಣ್ಣಿಗೆ ನಂಬಿಕೆ ಬರುವಷ್ಟು ಪುಟ್ಟ ಪುಟ್ಟ ವ್ಯತ್ಯಾಸ. ಅವನು ಬರೆಯಲಿಲ್ಲ. ನನ್ನ ಥೀಸಿಸ್ ಬೈಂಡಾಗಿ ಬಂದ ದಿನ ಬೆಂಗಳೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದಾಗ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲಿನಿಂದ ಓದಿದ. ಬಿಡದಿಯ ಹತ್ತಿರ ತಲೆಯೆತ್ತಿ, "ಎಲ್ಲಾದ್ರಲ್ಲೂ ಆರೇ ಬಂತೇನ್ಲಾ?" ಎಂದ. ನನ್ನ ಬೀಕರೂ ಅವನ ಬೀಕರೂ ಒಂದೇ ಹಲಗೆಯ ಮೇಲೆ ಬೆಳೆದವು ಎಂಬುದು ಅವನಿಗೆ ಗೊತ್ತಿಲ್ಲದ್ದೇ? ಆದರೂ ನಾನು ಅವನ ಮುಖ ನೋಡಿಕೊಂಡೇ "ಬಂತು" ಎಂದೆ. "ಅದೃಷ್ಟವಂತ ಕಣ್ಲಾ" ಎಂದು ಪುಸ್ತಕ ಮುಚ್ಚಿ, ಅದರ ಮೇಲೆ ಕೂತಿದ್ದ ಧೂಳನ್ನು ಅಂಗೈಯಿಂದ ಒರೆಸಿ ನನಗೆ ಕೊಟ್ಟ. ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಮರುವರ್ಷ ನನಗೆ ಕಾಯಂ ಆಯಿತು. ಕಾಲೇಜಿಗೆಲ್ಲ ಮೈಸೂರುಪಾಕ್ ಹಂಚಿದವನು ಅವನೇ.

ಅವನ ಅಕ್ಕನ ವಿಷಯಕ್ಕೆ ಬರುತ್ತೇನೆ. ತಾಯಿ ತಂದೆ ಬೇಗ ಹೋದ ಮೇಲೆ ಇವನನ್ನು ಸಾಕಿ ಓದಿಸಿದವರು ಆಕೆ. ಮದುವೆಯಾಗಲಿಲ್ಲ. ಕನಕಪುರದ ದಾರಿಯಲ್ಲಿ, ರಾಮನಗರದಿಂದ ಮುಕ್ಕಾಲು ಗಂಟೆಯ ಊರು. ಅಲ್ಲಿ ಒಂದಿಷ್ಟು ಹಿಪ್ಪುನೇರಳೆ ತೋಟ, ಒಂದು ಉದ್ದನೆಯ ಮನೆ. ಮನೆಯ ಅರ್ಧ ಮನುಷ್ಯರಿಗೆ, ಅರ್ಧ ರೇಷ್ಮೆ ಹುಳಕ್ಕೆ, ನಡುವೆ ಬಾಗಿಲಿಲ್ಲ. ಇವನೂ ಮದುವೆಯಾಗದೆ ಅಕ್ಕನ ಜೊತೆಗೇ ಇದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ. ಆಕೆಯ ಬೆಳೆ ಒಂದು ಸಲವೂ ಕೆಟ್ಟದ್ದಿಲ್ಲ ಎಂದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹೆಸರಿತ್ತು. ಸರ್ಕಾರದವರು ಕೊಟ್ಟ ಥರ್ಮಾಮೀಟರ್ ಗೋಡೆಯ ಮೇಲಿದ್ದರೂ ಆಕೆ ಅದನ್ನು ನೋಡುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಮುಂಗೈ ಒಡ್ಡಿ, "ಒಸಿ ಬಿಸಿ ಆಯ್ತು" ಎಂದು ಕಿಟಕಿಗಳಿಗೆ ಕಟ್ಟಿದ್ದ ಗೋಣಿಚೀಲಕ್ಕೆ ನೀರು ಹೊಡೆಯುವರು. ಥರ್ಮಾಮೀಟರ್ ಅದಾದ ಮೇಲೆ ಅದನ್ನೇ ಹೇಳುತ್ತಿತ್ತು.

ಅಲ್ಲಿ ಊಟ ಮಾಡುತ್ತಾ ಕೂತಿದ್ದಾಗ ಅವನಿಗೆ ಹೊಳೆದದ್ದು ಇದು: ಜಿಲ್ಲೆಯಲ್ಲೆಲ್ಲ ಹಗಲೂ ಇರುಳೂ ಒಂದೇ ಬಿಸಿಯಲ್ಲಿರುವ ಕೋಣೆ ಯಾವುದಾದರೂ ಇದ್ದರೆ ಅದು ಅಕ್ಕನ ಹುಳದ ಮನೆ. ಇಪ್ಪತ್ತೈದು ಇಪ್ಪತ್ತಾರು ಡಿಗ್ರಿ, ತೇವದ ಗಾಳಿ. ಏಳು ನೀರಿನ ಹರಳಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕೆ? ಬೀಕರುಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಾಗಿಸಿದ. ಹುಳದ ಸ್ಟ್ಯಾಂಡುಗಳ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆದು ಸಾಲಾಗಿ ಇಟ್ಟ. "ಇದ್ರಿಂದ ಹುಳಕ್ಕೆ ಏನಾದ್ರೂ ಆದಾತಾ?" ಎಂದು ಅಕ್ಕ ಒಂದೇ ಸಲ ಕೇಳಿದರಂತೆ. "ತಾಗಿದ್ರೆ ವಿಷ. ತಾಗದಂಗೆ ಮಡಗ್ತೀನಿ" ಎಂದನಂತೆ. ಆಮೇಲೆ ಆಕೆ ಸೊಪ್ಪು ಹಾಕಲು ಹೋದಾಗಲೆಲ್ಲ ಇವನ ಬೀಕರನ್ನೂ ಬಗ್ಗಿ ನೋಡಿ, "ನಿನ್ ಮಕ್ಳೂ ಚೆನ್ನಾಗಿ ಬೆಳೀತಾವೆ ಕನಪ್ಪ" ಎಂದು ವರದಿ ಒಪ್ಪಿಸುತ್ತಿದ್ದರು.

ಮೊದಲ ಸಾಲಿನ ಹರಳು ತೂಗಿದ ದಿನ ಅವನು ಬಿಡದಿಗೆ ಹೋಗಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಚ್ಚಿದ. ಫಿಲ್ಟರ್ ಪೇಪರಿನ ಮೇಲೆ ಮೂರು ಸಂಖ್ಯೆ ಬರೆದು ನನ್ನ ಮುಂದೆ ಇಟ್ಟ. ಮೂರೂ ಏಳು, ಬೆರಕೆಯಿಲ್ಲದ ಏಳು. ಅವನು ಅಷ್ಟು ಸಂತೋಷಪಟ್ಟಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನನಗೂ ಸಂತೋಷವಾಯಿತು. ಅದರ ಜೊತೆಗೇ ನಾಚಿಕೆಯೂ ಆಯಿತು, ಆದರೆ ಇಡ್ಲಿ ಚೆನ್ನಾಗಿತ್ತು, ತಿಂದೆ. ಇನ್ನು ಎರಡು ಸಾಲು ಹರಳು ತೂಗಿದರೆ ಥೀಸಿಸ್ ಮುಗಿಯಿತು ಎಂದು ಗೈಡೂ ಹೇಳಿದ್ದರು.

ಎರಡನೆಯ ಸಾಲು ಬೆಳೆಯುತ್ತಿದ್ದಾಗ ಅಕ್ಕನ ಹುಳ ಸತ್ತವು.

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದು ಗಬಗಬ ತಿನ್ನುತ್ತಿದ್ದ ಹುಳ, ಇನ್ನೊಂದು ವಾರಕ್ಕೆ ಗೂಡು. ಬೆಳಗ್ಗೆ ಸೊಪ್ಪು ಹಾಕಿ ಬಂದರೆ ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿ ಹೊರಳಾಡಿ, ಹಸಿರು ನೀರು ಕಕ್ಕಿ, ಸಾಲುಸಾಲಾಗಿ ಹೋದವು. ಅವನು ಕಾಲೇಜಿನಿಂದ ಓಡಿಹೋದ. ನೋಡಿದರೆ ಒಂದು ಬೀಕರಿನ ಅಂಚು ಹತ್ತಿ ಉಪ್ಪು ಆಚೆಗೆ ಇಳಿದು, ಹೊರಗಿನ ಗೋಡೆಗೆಲ್ಲ ಹಸಿರು ಕರೆ ಕಟ್ಟಿದೆ, ಹಲಗೆಯವರೆಗೆ ಇಳಿದಿದೆ. ಊರಿನವರು ಬಂದು ಹುಳದ ಬಾಯಿಂದ ಬಂದ ಹಸಿರನ್ನೂ ನೋಡಿದರು, ಬೀಕರಿನ ಹಸಿರನ್ನೂ ನೋಡಿದರು. "ಮೇಷ್ಟ್ರು ಔಸ್ದಿ ಕನಪ್ಪೋ, ಇನ್ನೇನು" ಎಂದರು. ಅಕ್ಕ ಸತ್ತ ಹುಳ ಗುಡಿಸುತ್ತಾ ಇವನ ಕಡೆ ತಿರುಗಿ, "ಹುಳ ಹೋದ್ರೆ ಇನ್ನೊಂದು ಬೆಳೆ ಎಬ್ಬುಸ್ತೀನಿ ಬುಡು. ನಿನ್ ಗಾಜೇನೂ ಒಡೀಲಿಲ್ಲ ತಾನೆ?" ಎಂದರಂತೆ. ಆ ಮಾತನ್ನು ನನಗೆ ಹೇಳುವಾಗ ಅವನು ಮಗುವಿನ ಹಾಗೆ ಅತ್ತ.

ಮಾರನೆಯ ದಿನ ಆರು ಪೊಟ್ಟಣ ತಂದ. ಮೂರರಲ್ಲಿ ಬೇರೆ ಬೇರೆ ಸ್ಟ್ಯಾಂಡಿನ ಸತ್ತ ಹುಳ, ಎರಡರಲ್ಲಿ ತಿಂದು ಬಿಟ್ಟ ಸೊಪ್ಪು, ಒಂದರಲ್ಲಿ ಬೀಕರಿನ ಕೆಳಗಿನ ಹಲಗೆಯ ಹೆರೆ. "ನೀನ್ ಮಾಡ್ಲಾ. ನನ್ ಕೈಲಿ, ಅಂಗೀಲಿ, ಟ್ಯೂಬಲ್ಲೆಲ್ಲ ಅದೇ ಐತೆ. ನಾನ್ ಮಾಡುದ್ರೆ ಬರೀ ನೀರೂ ಕೆಂಪಾಯ್ತದೆ" ಎಂದು ಹೇಳಿ ಕ್ಲಾಸಿಗೆ ಹೋದ.

ನಾನು ಮಾಡಿದೆ. ಹೊಸ ಟ್ಯೂಬು, ಹೊಸ ದ್ರಾವಣ ತೆಗೆದು, ಜೀವಮಾನದಲ್ಲಿ ಯಾವ ಪ್ರಯೋಗಕ್ಕೂ ಪಡದಷ್ಟು ಎಚ್ಚರಪಟ್ಟು ಮಾಡಿದೆ. ಹುಳ ಅರೆದು, ಆಮ್ಲದಲ್ಲಿ ಕಾಯಿಸಿ, ಸೋಸಿ, ಅಮೋನಿಯಾ ಹಾಕಿ, ಡಿಎಂಜಿ ಬಿಟ್ಟೆ. ಹಲಗೆಯ ಹೆರೆ ಒಂದೇ ಕೆಂಪಾಯಿತು. ಹುಳ ಮೂರೂ ಬೆಳ್ಳಗೆ, ಸೊಪ್ಪು ಎರಡೂ ಬೆಳ್ಳಗೆ. ಅರ್ಧ ಗಂಟೆ ಕಾದು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಬಣ್ಣದ ಸುಳಿವೂ ಇರಲಿಲ್ಲ. ಅವನ ನಿಕ್ಕಲ್ ಹಲಗೆ ದಾಟಿ ಹೋಗಿರಲಿಲ್ಲ. ತಲೆ ಎತ್ತುವುದು, ಕಕ್ಕುವುದು, ಎಲ್ಲ ಕೀಟನಾಶಕದ ಲಕ್ಷಣ, ಪಕ್ಕದ ತೋಟದವನು ಟೊಮೆಟೊಗೆ ಹೊಡೆದದ್ದು ಗಾಳಿಗೆ ಸೊಪ್ಪಿನ ಮೇಲೆ ಕೂತಿರಬೇಕು ಎಂದು ರೇಷ್ಮೆ ಇಲಾಖೆಯವರೊಬ್ಬರು ಆಮೇಲೆ ನನಗೆ ಹೇಳಿದರು. ನನಗಂತೂ ಅನುಮಾನವೇ ಉಳಿಯಲಿಲ್ಲ. ಆ ದಿನ ಅವನು ಒಂದು ಗಂಟೆಗೆ ಬರುವಷ್ಟರಲ್ಲಿ ನನ್ನ ಮನಸ್ಸು ಹಗುರವಾಗಿತ್ತು. ಆ ಹಗುರದಲ್ಲಿ ನಾನೊಂದು ಕೆಲಸ ಮಾಡಿಬಿಟ್ಟಿದ್ದೆ. ಟ್ಯೂಬುಗಳನ್ನೆಲ್ಲ ತೊಳೆದು ಬೋರಲು ಹಾಕಿಬಿಟ್ಟಿದ್ದೆ. ನನ್ನ ಬೆಂಚು ಸದಾ ಚೊಕ್ಕಟ, ಅದು ನನ್ನ ಹೆಮ್ಮೆ.

"ಟ್ಯೂಬೆಲ್ಲೋ?" ಎಂದ ಬಾಗಿಲಲ್ಲೇ.

"ತೊಳೆದೆ. ಏನೂ ಇಲ್ಲ ಕಣೋ. ಹಲಗೆ ಒಂದೇ ಕೆಂಪು. ಹುಳದಲ್ಲಿ ಇಲ್ಲ, ಸೊಪ್ಪಲ್ಲಿ ಇಲ್ಲ. ಹೋಗಿ ಅಕ್ಕನಿಗೆ ಹೇಳು."

ಅವನು ತೊಳೆದಿಟ್ಟ ಟ್ಯೂಬುಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ಐದ್ರಲ್ಲೂ ಒಂದೇ ಥರ ಬಂತೇನ್ಲಾ?" ಎಂದ. ರೈಲಿನಲ್ಲಿ ಕೇಳಿದ್ದ ದನಿಯೇ. "ಬಂತು" ಎಂದೆ. ನನ್ನ ಉತ್ತರವೂ ಅದೇ ಆಯಿತು, ಬೇರೆ ಯಾವ ಉತ್ತರವಿತ್ತು? ನನ್ನ ಕೈ ಹಿಡಿದು "ಥ್ಯಾಂಕ್ಸ್" ಎಂದ. ಅಷ್ಟು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ಆ ಪದ ಹೇಳಿದವರಲ್ಲ. ಅವನು ನಂಬಲಿಲ್ಲ ಎಂದು ನನಗೆ ಆಗಲೇ ತಿಳಿಯಿತು. ತನ್ನ ಸಮಾಧಾನಕ್ಕೆ ನಾನು ಸುಳ್ಳು ಹೇಳುತ್ತಿದ್ದೇನೆ, ಒಳ್ಳೆಯ ಗೆಳೆಯ ಎಂದು ಕೈ ಹಿಡಿದಿದ್ದ. ಮತ್ತೊಮ್ಮೆ ಅವನ ಎದುರಿಗೇ ಮಾಡಿ ತೋರಿಸೋಣವೆಂದರೆ ನಾನು ಎಲ್ಲವನ್ನೂ ಅರೆದು ಮುಗಿಸಿದ್ದೆ. ಊರಲ್ಲಿ ಅಷ್ಟರೊಳಗೆ ಹುಳವನ್ನೂ ಸೊಪ್ಪನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿದಿದ್ದರು, ಸ್ಟ್ಯಾಂಡುಗಳನ್ನು ಬ್ಲೀಚಿಂಗ್ ಪುಡಿಯಲ್ಲಿ ತಿಕ್ಕಿ ಬಿಸಿಲಿಗೆ ಒಡ್ಡಿದ್ದರು. ಒಳ್ಳೆಯ ಸಾಕಣೆದಾರರು ಮಾಡಬೇಕಾದ್ದೇ ಅದು.

ಅವನು ಹರಳುಗಳನ್ನು ತೂಗಲಿಲ್ಲ. ಎಲ್ಲವನ್ನೂ ವಾಪಸು ನೀರಿಗೆ ಹಾಕಿ ಕರಗಿಸಿದ. ಕರಗಿಸಿದ್ದನ್ನು ಸಿಂಕಿಗೆ ಚೆಲ್ಲಲೂ ಇಲ್ಲ, ಮೋರಿಗೆ ವಿಷ ಹೋಗಬಾರದೆಂದು ಕ್ಷಾರ ಹಾಕಿ ನಿಕ್ಕಲನ್ನೆಲ್ಲ ಇಳಿಸಿ, ಸೋಸಿ, ಡಬ್ಬಿಗೆ ತುಂಬಿ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟ. ಥೀಸಿಸ್ ಅಲ್ಲಿಗೆ ನಿಂತಿತು. ಮುಂದೆ ಡಾಕ್ಟರೇಟ್ ಇಲ್ಲದವರನ್ನು ಕಾಲೇಜು ಮುಂದುವರಿಸಲಿಲ್ಲ. ಬಿಡದಿಯಲ್ಲಿ ಕಬ್ಬಿಣದ ಬಿಡಿಭಾಗಕ್ಕೆ ನಿಕ್ಕಲ್ ಹೊಳಪು ಹಾಕುವ ಸಣ್ಣ ಕಾರ್ಖಾನೆಯೊಂದರಲ್ಲಿ ತೊಟ್ಟಿಯ ದ್ರಾವಣ ಪರೀಕ್ಷಿಸುವ ಕೆಲಸ ಸಿಕ್ಕಿತು. ಅಲ್ಲಿಯೂ ನಿಕ್ಕಲ್ ಸಲ್ಫೇಟೇ. ಕೈಯ ಗುಳ್ಳೆ ಮೊಣಕೈಗೆ ಏರಿತು.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಅವನು ಅಕ್ಕನ ಮನೆಯೊಳಗೆ ಕಾಲಿಡುವುದನ್ನು ಬಿಟ್ಟ. ತನ್ನ ಬಟ್ಟೆಯಲ್ಲಿ, ಉಗುರಿನಲ್ಲಿ, ಉಸಿರಿನಲ್ಲಿ ಕೂಡ ಹುಳಕ್ಕೆ ವಿಷವಿದೆ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಬಿಡದಿಯಲ್ಲೇ ರೂಮು ಮಾಡಿದ. ಭಾನುವಾರ ಮಾತ್ರ ಊರಿಗೆ ಹೋಗಿ ಅಂಗಳದಲ್ಲಿ ಹೊಂಗೆ ಮರದ ಬುಡದ ಚಪ್ಪಡಿಯ ಮೇಲೆ ಕೂರುವನು. ಅಕ್ಕ ಅಲ್ಲಿಗೇ ಮುದ್ದೆ ಸಾರು ತಂದು ಕೊಡುವರು. ಅವರು ಹೊಸ್ತಿಲಲ್ಲಿ, ಇವನು ಅಂಗಳದಲ್ಲಿ, ಹಾಗೇ ಮಾತಾಡಿಕೊಂಡು ಸಂಜೆ ಬಸ್ಸಿಗೆ ಹೊರಡುವನು. "ಒಳಕ್ ಬಾರೋ, ಹುಳ ಇಲ್ಲ ಈಗ, ಬೆಳೆ ಇಳ್ಸೀನಿ" ಎಂದರೂ, "ನೆಲ ಹಿಡ್ಕತದೆ ಕಣಕ್ಕ, ಮುಂದಿನ ಬೆಳೆಗೆ ತಾಗ್ತದೆ" ಎನ್ನುವನು. ಹುಟ್ಟಿದ ಮನೆಯ ಸೂರಿನ ಕೆಳಗೆ ಮತ್ತೆ ಹೋಗಲೇ ಇಲ್ಲ.

ನಾನು ಒಮ್ಮೆ ತಡೆಯಲಾರದೆ ಅವನ ರೂಮಿಗೆ ಹೋದೆ. ಎದುರಿಗೆ ಕೂತು ಹೇಳಿದೆ. "ಥೀಸಿಸ್ಸಿನ ಆರು ಸುಳ್ಳು. ನನಗೂ ಆರೂವರೆಯೇ ಬಂದಿತ್ತು. ನಿನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದೆ. ಆದರೆ ಹುಳದ್ದು ನಿಜ ಕಣೋ. ನನ್ನ ಮಕ್ಕಳ ಮೇಲೆ ಆಣೆ, ಹುಳದಲ್ಲಿ ಏನೂ ಇರಲಿಲ್ಲ."

ಅವನು ಕನ್ನಡಕ ತೆಗೆದು ಫಿಲ್ಟರ್ ಪೇಪರಿನಲ್ಲಿ ಒರೆಸಿದ. ಕಣ್ಣು ತುಂಬಿಕೊಂಡವು. "ಆರು ಸುಳ್ಳು ಅಂತ ರೈಲಲ್ಲೇ ಗೊತ್ತಾಗಿತ್ತು ಕಣ್ಲಾ. ಅದ್ನ ಬಾಯ್ಬುಟ್ಟು ಹೇಳೋಕೆ ನಿಂಗೆ ಎಷ್ಟು ಕಷ್ಟ ಆಗಿರ್ಬೇಕು. ನನ್ ಸಮಾಧಾನಕ್ಕೆ ಇಷ್ಟು ದೂರ ಬಂದು ಅದ್ನೂ ಒಪ್ಕೊಂಡ್ಯಲ್ಲ, ಸಾಕು ಬುಡು" ಎಂದ. ನಾನು ಒಪ್ಪಿಕೊಂಡ ಸತ್ಯ ಕೂಡ ಅವನ ಲೆಕ್ಕದಲ್ಲಿ ನನ್ನ ಒಳ್ಳೆಯತನಕ್ಕೇ ಹೋಗಿ ಸೇರಿತು. ಕಾಫಿ ಮಾಡಿಕೊಟ್ಟ. ಕುಡಿದು ಬಂದೆ. ಅದಾದ ಮೇಲೆ ಅವನನ್ನು ನೋಡಲು ಹೋಗುವುದೇ ಕಡಿಮೆಯಾಯಿತು. ಕೆಲಸದ ಒತ್ತಡ ಎಂದು ಬೇರೆಯವರಿಗೆ ಹೇಳುತ್ತಿದ್ದೆ. ಅವನ ಕೃತಜ್ಞತೆಯ ಎದುರು ಕೂರಲು ಆಗುತ್ತಿರಲಿಲ್ಲ ಎಂಬುದೇ ಸರಿ.

ಹೆಣವನ್ನು ಬಿಡದಿಯಿಂದ ತಂದಾಗ ಅಕ್ಕ ಮನೆಯೊಳಗೆ ಇಡಗೊಡಲಿಲ್ಲವಂತೆ. ಹೊಂಗೆ ಮರದ ಕೆಳಗೇ ಮಲಗಿಸಿದರಂತೆ. "ಒಳಕ್ ತಂದ್ರೆ ಅವ್ನು ಒಪ್ಪಲ್ಲ" ಎಂದರಂತೆ. ಮಾಗಡಿಯಿಂದ ನಾನು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಾನು ಆಕೆಯ ಜೊತೆ ಕೂತು ಮಾತಾಡಿದ್ದು ಹನ್ನೊಂದನೆಯ ದಿನ, ತಿಥಿಗೆ ಹೋದಾಗ. ಮನೆಯಲ್ಲಿ ಬೆಳೆಯಿತ್ತು, ಸತ್ತವರಿದ್ದಾರೆಂದು ಹುಳ ಕಾಯುವುದಿಲ್ಲವಲ್ಲ. ಒಳಗಿನಿಂದ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಆಕೆ ನನ್ನ ಪಕ್ಕದಲ್ಲಿ ಚಪ್ಪಡಿಯ ಮೇಲೆ ಕ್ಷಣ ಹೊತ್ತು ಕೂತು, ದನಿ ತಗ್ಗಿಸಿ ಕೇಳಿದರು.

"ಸಾ, ಈಗ್ಲಾದ್ರೂ ಹೇಳಿ. ಅವ್ನೇ ಇಲ್ಲ, ಇನ್ಯಾರಿಗೆ ನೋವಾಗಬೇಕು. ಆವತ್ತು ಹುಳ ಹೋಗಿದ್ದು ಅವನ ಔಸ್ದಿಗೇ ಅಲ್ವಾ?"

"ಅಲ್ಲಕ್ಕ. ನಾನೇ ಪರೀಕ್ಷೆ ಮಾಡಿದೆ. ಹುಳದಲ್ಲಿ ಅವನ ಔಷಧಿಯ ಒಂದು ಕಣವೂ ಇರಲಿಲ್ಲ. ಪಕ್ಕದ ತೋಟದವರು ಹೊಡೆದ ಕೀಟನಾಶಕ ಅದು. ಅವನು ನಂಬಲಿಲ್ಲ. ನೀವಾದರೂ ನಂಬಬೇಕು."

ಆಕೆ ನನ್ನ ಮುಂಗೈಯನ್ನು ಮೆಲ್ಲಗೆ ಎರಡು ಸಲ ತಟ್ಟಿದರು. "ನೀವು ಹಿಂಗೇ ಅಂತೀರಿ ಅಂತ ಅವ್ನೂ ಹೇಳ್ತಿದ್ದ. 'ಅವ್ನು ನನ್ ಕೈ ಬುಡಲ್ಲ ಕಣಕ್ಕ, ಸಾಯೋಗಂಟ ಹಿಂಗೇ ಹೇಳ್ತಾನೆ' ಅಂತಿದ್ದ. ನೀವು ದೊಡ್ಡೋರು ಬುಡಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. ನಿಜವಾಗಿ ಹೇಳುತ್ತಿದ್ದೇನೆ ಅಕ್ಕ ಎಂದು ನಾನು ಮತ್ತೆ ಅಂದೆ. "ಊಂ" ಎಂದರು, ಹಟ ಮಾಡುವ ಮಗುವಿಗೆ ಅನ್ನುವ ಹಾಗೆ.

ಊಟಕ್ಕೆ ಕರೆದರು. ನೆಂಟರು, ಊರಿನವರು, ಅಟೆಂಡರು, ನಮ್ಮ ಹಳೆಯ ವಿದ್ಯಾರ್ಥಿಗಳು, ಎಲ್ಲರೂ ಕೈಕಾಲು ತೊಳೆದು ಒಳಗೆ ಪಂಕ್ತಿಗೆ ಹೋದರು. ನಾನೂ ಎದ್ದೆ. ಅಕ್ಕ ಹೊಸ್ತಿಲಲ್ಲಿ ಅಡ್ಡ ನಿಂತಿದ್ದರು. ಮುಖದಲ್ಲಿ ಸಂಕೋಚ, ಕೈಯಲ್ಲಿ ಎಲೆ.

"ಬೇಜಾರ್ ಮಾಡ್ಕಬ್ಯಾಡಿ ಸಾ" ಎಂದರು. "ಒಳಗೆ ಹುಳ ನಾಕ್ನೇ ಜ್ವರ ಎದ್ದವೆ. ನೀವೂ ಅವನ ಕೆಲ್ಸದೋರೇ ಅಲ್ವಾ. ಇಲ್ಲೇ ಬಡುಸ್ತೀನಿ, ಕುಂತ್ಕಳಿ."

ನಾನು ಹೊಂಗೆ ಮರದ ಕೆಳಗೆ ವಾಪಸು ಬಂದು ಚಪ್ಪಡಿಯ ಮೇಲೆ ಕೂತೆ. ಆಕೆ ಎಲೆ ಹಾಸಿ, ನೀರು ಚಿಮುಕಿಸಿ, ಬಡಿಸಲು ಬಗ್ಗಿದರು.